ಬೆಸುಗೆಯ ಒಡಲಲ್ಲಿ ಧ್ವನಿಯ ಶೋಧ

1943ನೆಯ ಇಸವಿ ಜನವರಿ 16ರ ರಾತ್ರಿ. ಅಮೆರಿಕ ಸಂಯುಕ್ತ ಸಂಸ್ಥಾನದ ಓರೆಗಾನ್ ಪ್ರಾಂತದ ಪೋರ್ಟ್‌ಲೆಂಡ್ ನಗರದಲ್ಲಿ ಸ್ಕೆನೆಕ್ಟಡಿ ಎಂಬ ತೈಲವಾಹಕ ಹಡಗು ಧಕ್ಕೆಯ ಪಕ್ಕದಲ್ಲಿ ನಿಶ್ಚಲವಾಗಿ ನಿಂತಿತ್ತು. ಅದು ಹೊಚ್ಚ ಹೊಸ ಹಡಗು. ಸಮುದ್ರದಲ್ಲಿ ನಡೆಸಬೇಕಾದ ಪರೀಕ್ಷೆಗಳನ್ನು ಮುಗಿಸಿಕೊಂಡು ಆಗತಾನೆ ಹಿಂದಿರುಗಿತ್ತು. ಬಿರುಗಾಳಿಯಿರಲಿಲ್ಲ, ಅಲೆಗಳಿರಲಿಲ್ಲ, ಶತ್ರುವಿನ ಟಾರ್ಪೆಡೊ ಅಂತೂ ಇರಲೇ ಇಲ್ಲ. ಹೀಗಿರಲು, ಮೈಲಿಯಾಚೆಗೂ ಕೇಳಿಸಿದ ಒಂದು ಸದ್ದಿನೊಡನೆ ಹಡಗಿನ ಡೆಕ್ಕೂ ಎರಡು ಪಾರ್ಶ್ವಗಳೂ ಸೀಳಿಹೋದುವು. ತಳದ ಹಲಗೆಗಳು ಮಾತ್ರ ಕಚ್ಚಿಕೊಂಡಿದ್ದುದರಿಂದ ಹಡಗು ನಡು ಮುರಿದು, ಅದರ ಮಧ್ಯಭಾಗ ನೀರಿನಿಂದ ಮೇಲಕ್ಕೆದ್ದಿತು.

ಹಿಂದಿನ ಹಡಗುಗಳಲ್ಲಿ ಉಕ್ಕಿನ ಹಲಗೆಗಳನ್ನು ರಿವೆಟ್ಟುಗಳಿಂದ ಜೋಡಿಸುತ್ತಿದ್ದರು. ಒಂದು ಹಲಗೆಯಲ್ಲಿ ಹುಟ್ಟಿದ ಬಿರುಕು ಆ ಹಲಗೆಯ ಅಂಚಿಗೆ ಬಂದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಯುದ್ಧಕಾಲದ ಅವಸರದಲ್ಲಿ ರಿವೆಟ್ಟಿನ ಸ್ಥಾನಕ್ಕೆ ಬೆಸುಗೆ ಬಂದಿತು. ಬೆಸೆದ ಹಡಗಾದರೋ ಒಂದೇ ಅಖಂಡ ಉಕ್ಕಿನ ಹಾಳೆ. ಅದರಲ್ಲಿ ಹೊರಟ ಬಿರುಕನ್ನು ತಡೆಯುವ ಅಂಚೇ ಇಲ್ಲ. ಸ್ಕೆನೆಕ್ಟಡಿ ಮುರಿದುದಕ್ಕೆ ಚಳಿಯಲ್ಲಿ ಗಾಜಿನಂತೆ ಪೆಡಸಾಗುವ ಉಕ್ಕು ಒಂದು ಕಾರಣ, ದೋಷವುಳ್ಳ ಬೆಸುಗೆ ಮತ್ತೊಂದು ಕಾರಣ ಎಂದು ತಜ್ಞರು ಕಂಡುಕೊಂಡರು. ಉಕ್ಕಿನ ಪೆಡಸುತನ ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ. ಇಲ್ಲಿ ನಾವು ಬೆಸುಗೆಯ ದೋಷವನ್ನು ಕುರಿತು ಮಾತ್ರ ವಿಚಾರ ಮಾಡೋಣ. ಹೊರಗೆ ನೋಡಿದರೆ ನುಣುಪಾಗಿ, ಅಂದವಾಗಿ ಕಾಣುವ ಬೆಸುಗೆಯ ಒಡಲಿನಲ್ಲಿ ಏನಿದೆಯೆಂಬುದನ್ನು, ಅದನ್ನು ಕೊಯ್ಯದೆ ಒಡೆಯದೆ ತಿಳಿಯುವುದು ಹೇಗೆ?

ಮೊದಲು ಬೆಸುಗೆಯ ಸ್ವರೂಪವನ್ನು ನೋಡೋಣ. ಎರಡು ದಪ್ಪ ಹಲಗೆಗಳನ್ನು ಬೆಸೆಯಬೇಕಾದರೆ ಅವುಗಳ ಅಂಚುಗಳನ್ನು ಓರೆಯಾಗಿ ಕತ್ತರಿಸಿ ಎದುರುಬದುರಾಗಿ ಇಡುತ್ತಾರೆ. ನಡುವೆ ಮೇಲೆ ಅಗಲ, ಕೆಳಗೆ ಕಿರಿದಾದ ಒಂದು ಕಾಲುವೆಯಾಗುತ್ತದೆ. ಬೆಸುಗೆಗಾರನು ಈ ಕಾಲುವೆಯನ್ನು ಕರಗಿದ ಲೋಹದಿಂದ ಪದರ ಪದರವಾಗಿ ತುಂಬುತ್ತಾನೆ. ಒಂದು ಪದರದ ಮೇಲಿನ ಕಿಟ್ಟವನ್ನು ಚೆನ್ನಾಗಿ ಕೆರೆದು ತೆಗೆಯದಿದ್ದರೆ ಅದು ಮುಂದಿನ ಪದರದಡಿಯಲ್ಲಿ ಹುದುಗಿಹೋಗುತ್ತದೆ. ಅನಿಲದ ಗುಳ್ಳೆಗಳು ಸಿಕ್ಕಿಕೊಳ್ಳಬಹುದು. ಇವು ಅಷ್ಟು ಅಪಾಯಕರವಲ್ಲ. ಭಯಪಡಬೇಕಾದುದು ಚಪ್ಪಟೆಯಾದ ದೋಷಗಳಿಗೆ: ಒಂದು, ಬಿರುಕು, ಇನ್ನೊಂದು, ಕರಗಿದ ಲೋಹವು ಕಾಲುವೆಯ ಓರೆಗೋಡೆಯೊಡನೆ ಬೆರೆಯದೆ ಬರಿದೆ ಅದಕ್ಕೆ ಒರಗಿಕೊಂಡಿರುವುದು. ಹೊರೆ ಏರಿ ಇಳಿದಂತೆಲ್ಲ ಇಂತಹ ದೋಷದ ಚೂಪಾದ ತುದಿಯಲ್ಲಿ ಒತ್ತಡವು ಕೂಡಿಕೊಂಡು ಬಿರುಕು ಕ್ರಮೇಣ ಬೆಳೆಯುತ್ತದೆ.

ಎಕ್ಸ್ ಕಿರಣಗಳಿಂದ ಬೆಸುಗೆಯ ಚಿತ್ರ ತೆಗೆಯುವ ಪದ್ಧತಿ ಬಹುಕಾಲದಿಂದ ಇದೆ. ಗುಳ್ಳೆಯೂ ಕಿಟ್ಟವೂ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಎಕ್ಸ್ ಕಿರಣವು ತಾನು ಹಾದುಹೋಗುವ ದಾರಿಯಲ್ಲಿ ಎಷ್ಟು ಲೋಹ ಕಡಿಮೆಯಿದೆ ಎಂಬುದನ್ನು ಮಾತ್ರ ತೋರಿಸಬಲ್ಲುದು. ಕೂದಲೆಳೆಯಷ್ಟು ತೆಳುವಾದ ಬಿರುಕು ಕಿರಣದ ದಾರಿಗೆ ಅಡ್ಡಲಾಗಿದ್ದರೆ ಕಡಿಮೆಯಾಗುವ ಲೋಹವೆಷ್ಟು? ಇಲ್ಲವೆಂದೇ ಹೇಳಬಹುದು. ಹೀಗೆ, ಅತ್ಯಂತ ಅಪಾಯದ ದೋಷವೇ ಹಲವು ಸಲ ಚಿತ್ರದಿಂದ ತಪ್ಪಿಸಿಕೊಳ್ಳುತ್ತದೆ. ಮೇಲಾಗಿ ಈ ಕಿರಣಗಳು ದೇಹಕ್ಕೆ ಹಾನಿಕರವಾದುದರಿಂದ, ಚಿತ್ರ ತೆಗೆಯುವಾಗ ಸುತ್ತಲಿನ ಕೆಲಸಗಾರರನ್ನೆಲ್ಲ ದೂರ ಕಳುಹಿಸಬೇಕು.

ಧ್ವನಿಯ ಗುಣ ಇದಕ್ಕೆ ತೀರ ವಿರುದ್ಧ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುವುದನ್ನು ವಾಚಕರೆಲ್ಲರೂ ಕಂಡಿರಬಹುದು. ಗಟ್ಟಿ ಮಡಕೆ ಠಣ್ಣೆನ್ನುತ್ತದೆ. ಬಿರುಕುಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಬಿರುಕು ಎಷ್ಟೇ ತೆಳುವಾಗಿರಲಿ, ಅದರೊಳಗಿನ ಗಾಳಿಯ ಪೊರೆಯನ್ನು ಧ್ವನಿ ದಾಟಲಾರದು. ಉಕ್ಕಿನಲ್ಲಿ ಸಾಗುತ್ತಿರುವ ಧ್ವನಿಗೆ ಗಾಳಿ ಎದುರಾದರೆ ಅದು ಹೆಚ್ಚುಕಡಮೆ ಪೂರ್ತಿಯಾಗಿ ಹಿಂದಕ್ಕೆ ಚಿಮ್ಮುತ್ತದೆ. ಎಕ್ಸ್ ಕಿರಣಕ್ಕೆ ಕಾಣದ ಬಿರುಕು ಧ್ವನಿಗೆ ದೊಡ್ಡ ಗೋಡೆ.

ಆದರೆ ನಮ್ಮ ಕಿವಿಗೆ ಕೇಳುವ ಧ್ವನಿಯಿಂದ ಈ ಕೆಲಸವಾಗದು. ಅದರ ಅಲೆಗಳು ತುಂಬ ಉದ್ದ. ಮಿಲಿಮೀಟರಿನಷ್ಟು ಚಿಕ್ಕ ದೋಷವನ್ನು ಗುರುತಿಸಬೇಕಾದರೆ ಅಲೆಯುದ್ದವೂ ಆ ಪ್ರಮಾಣದಲ್ಲೇ ಇರಬೇಕು. ಉಕ್ಕಿನಲ್ಲಿ ಧ್ವನಿಯ ನೀಳತರಂಗವು ಸೆಕೆಂಡಿಗೆ ಸುಮಾರು 5,900 ಮೀಟರು ವೇಗದಿಂದ ಸಾಗುತ್ತದೆ. ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುವ ಧ್ವನಿಯನ್ನು ತೆಗೆದುಕೊಂಡರೆ ಅಲೆಯುದ್ದ ಸುಮಾರು 1.2 ಮಿಲಿಮೀಟರು ಆಗುತ್ತದೆ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ, ಕಿವಿಗೆ ನಿಲುಕದ ಇಂತಹ ಧ್ವನಿಗೆ ಶ್ರವಣಾತೀತ ಧ್ವನಿಯೆಂದು ಹೆಸರು. ಇದನ್ನು ಹುಟ್ಟಿಸುವ ಬಗೆಗೆ ಬುನಾದಿ ಹಾಕಿದವರು ಫ್ರಾನ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು. ಕೆಲವು ಸ್ಫಟಿಕಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆಂದು ಅವರು 1880ರಲ್ಲಿ ಕಂಡುಹಿಡಿದರು. ಇದರ ವಿಲೋಮವೂ ನಿಜ: ವಿದ್ಯುತ್ತನ್ನು ಕೊಟ್ಟರೆ ಸ್ಫಟಿಕ ಕಂಪಿಸುತ್ತದೆ. ಆದುದರಿಂದ ಒಂದೇ ಬಿಲ್ಲೆ ಬಾಯಿಯೂ ಹೌದು, ಕಿವಿಯೂ ಹೌದು. 1940ರ ದಶಕದಲ್ಲಿ ಅಮೆರಿಕದ ಫೈರ್‌ಸ್ಟೋನ್ ಮತ್ತು ಬ್ರಿಟನ್ನಿನ ಸ್ಪ್ರೌಲ್ ಇದನ್ನು ಲೋಹಪರೀಕ್ಷೆಗೆ ಅಳವಡಿಸಿದರು. ಉಕ್ಕಿನ ಮೇಲೆ ಎಣ್ಣೆಯನ್ನೋ ಗ್ಲಿಸರಿನನ್ನೋ ಸವರಿ, ನಡುವೆ ಗಾಳಿ ನಿಲ್ಲದಂತೆ ಮಾಡಿ, ಬಿಲ್ಲೆಯನ್ನು ಇಟ್ಟು ಧ್ವನಿಯ ಒಂದು ಕಿರು ಮಿಡಿತವನ್ನು ಒಳಕ್ಕೆ ಕಳುಹಿಸುತ್ತಾರೆ. ಅದು ಹೋಗಿ ಬರಲು ಹಿಡಿದ ಕಾಲವನ್ನು ಅಳೆಯುತ್ತಾರೆ. 25 ಮಿಲಿಮೀಟರು ಆಳದಲ್ಲಿರುವ ಬಿರುಕಿನ ಪ್ರತಿಧ್ವನಿಯು ಸೆಕೆಂಡಿನ ಹತ್ತು ಲಕ್ಷದಲ್ಲಿ ಎಂಟೂವರೆ ಭಾಗದಷ್ಟು ಕಾಲದಲ್ಲಿ ಹಿಂದಿರುಗಿ ಬರುತ್ತದೆ.

ಇಲ್ಲಿ ಒಂದು ತೊಡಕಿದೆ, ಅದೇ ನಮ್ಮ ವಿಷಯದ ತಿರುಳು. ಕತ್ತಲೆಯ ಕೋಣೆಯಲ್ಲಿ ಕನ್ನಡಿಯ ಮೇಲೆ ಟಾರ್ಚಿನ ಬೆಳಕು ಬಿಟ್ಟಿರೆಂದು ಭಾವಿಸಿ. ಕನ್ನಡಿ ನಿಮಗೆ ನೇರವಾಗಿದ್ದರೆ ಬೆಳಕು ನಿಮ್ಮ ಕಣ್ಣಿಗೇ ಮರಳುತ್ತದೆ. ಓರೆಯಾಗಿದ್ದರೆ ಮತ್ತೆಲ್ಲಿಗೋ ಹೋಗುತ್ತದೆ. ಚಪ್ಪಟೆಯಾದ ಬಿರುಕೂ ಕನ್ನಡಿಯಂತೆಯೇ. ಧ್ವನಿ ಅದಕ್ಕೆ ಲಂಬವಾಗಿ ತಾಗಿದರೆ ಪ್ರತಿಧ್ವನಿ ಜೋರಾಗಿ ಬರುತ್ತದೆ; ಓರೆಯಾಗಿ ತಾಗಿದರೆ ಕ್ಷೀಣವಾಗುತ್ತದೆ, ಇಲ್ಲವೆ ಬರುವುದೇ ಇಲ್ಲ.

ಓರೆಗೋಡೆಯು ಲಂಬರೇಖೆಯಿಂದ 30 ಡಿಗ್ರಿ ಬಾಗಿದೆಯೆನ್ನೋಣ. ಬೆಸುಗೆಯ ಪಕ್ಕದಲ್ಲಿ ಬಿಲ್ಲೆಯಿಟ್ಟು, ಲಂಬದಿಂದ 60 ಡಿಗ್ರಿ ಓರೆಯಾಗಿ ಧ್ವನಿಯನ್ನು ಬಿಟ್ಟರೆ ಅದು ಆಚೆಯ ಗೋಡೆಗೆ ಸರಿಯಾಗಿ ಲಂಬವಾಗಿ ತಾಗುತ್ತದೆ. ಈಚೆಯ ಗೋಡೆಗೆ ತಾಗದು; ಆದರೆ ಅದೇ ಧ್ವನಿ ಹಲಗೆಯ ತಳಕ್ಕೆ ಬಡಿದು ಮೇಲೇಳುವಾಗ ಈಚೆಯ ಗೋಡೆಯನ್ನೂ ಲಂಬವಾಗಿ ಮುಟ್ಟುತ್ತದೆ. ರೇಖಾಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಚಿತ್ರ ಬರೆದು ಇದನ್ನು ತಾಳೆನೋಡಬಹುದು. ಪರೀಕ್ಷಕರು ಹಲಗೆಯ ತಳವನ್ನೇ ಕನ್ನಡಿಯಾಗಿ ಬಳಸಿಕೊಳ್ಳುವ ಈ ಉಪಾಯ ನಮಗಂತೂ ಬಹು ಸೊಗಸಾಗಿ ತೋರುತ್ತದೆ. ಆದರೆ ಬುಡದಲ್ಲಿ ನೆಟ್ಟಗೆ ನಿಂತ ಬಿರುಕಿಗೆ 45 ಡಿಗ್ರಿ ಒಳ್ಳೆಯದು. ಮೇಲ್ಮೈಗೆ ಸಮೀಪದ ಭಾಗಕ್ಕೆ 70 ಡಿಗ್ರಿ ಬೇಕಾಗಬಹುದು. ಬಿರುಕು ಯಾವ ಕಡೆ ಮುಖಮಾಡಿದೆಯೆಂದು ಮೊದಲೇ ಬಲ್ಲವರು ಯಾರು? ಆದುದರಿಂದ ಹಳೆಯ ಪದ್ಧತಿಯಲ್ಲಿ ಪರೀಕ್ಷಕನು 45, 60, 70 ಡಿಗ್ರಿಗಳ ಬೇರೆ ಬೇರೆ ಶೋಧಕಗಳನ್ನು ಒಂದಾದ ಮೇಲೊಂದರಂತೆ ತೆಗೆದುಕೊಂಡು, ಪ್ರತಿಯೊಂದನ್ನೂ ಬೆಸುಗೆಯುದ್ದಕ್ಕೂ ಹಿಂದೆ ಮುಂದೆ ಆಡಿಸುತ್ತ ಹೋಗಬೇಕಾಗಿತ್ತು. ಇವೆರಡರ ನಡುವಣ ಕೋನದಲ್ಲಿ ಅಡಗಿದ ದೋಷದ ಪ್ರತಿಧ್ವನಿ ಮಂಕಾಗಿಯೇ ಉಳಿಯುತ್ತಿತ್ತು.

ಒಂದೇ ಸ್ಥಳದಲ್ಲಿ ಕೂತು ಎಲ್ಲ ಕೋನಗಳಲ್ಲಿಯೂ ನೋಡುವ ಸಾಧನವಿದ್ದರೆ? ಫೇಸ್ಡ್ ಅರೇ ಎಂಬ ಪದ್ಧತಿ ಮಾಡುವುದು ಇದನ್ನೇ. ಇದನ್ನು ನಾವು ಕನ್ನಡದಲ್ಲಿ ಹಂತಬದ್ಧ ಸಾಲು ಎನ್ನಬಹುದು. ಇಲ್ಲಿ ಒಂದು ದೊಡ್ಡ ಬಿಲ್ಲೆಯ ಬದಲು 16, 32 ಅಥವಾ 64 ಸಣ್ಣ ಸ್ಫಟಿಕದ ಪಟ್ಟಿಗಳು ಒತ್ತಾಗಿ ಸಾಲುಗೂಡಿರುತ್ತವೆ. ಪ್ರತಿಯೊಂದಕ್ಕೂ ಬೇರೆ ತಂತಿ. ಪ್ರತಿಯೊಂದನ್ನೂ ಬೇಕಾದ ಕ್ಷಣದಲ್ಲಿ ಮಿಡಿಸಬಹುದು.

ಕಲ್ಯಾಣಿಯ ಮೆಟ್ಟಿಲಿನ ಮೇಲೆ ಹದಿನಾರು ಹುಡುಗರು ಸಾಲಾಗಿ ಕುಳಿತಿದ್ದಾರೆಂದು ಊಹಿಸಿಕೊಳ್ಳಿ. ಎಲ್ಲರೂ ಏಕಕಾಲಕ್ಕೆ ಒಂದೊಂದು ಕಲ್ಲನ್ನು ನೀರಿಗೆ ಬಿಟ್ಟರೆ ಹದಿನಾರು ಉಂಗುರಗಳು ಹುಟ್ಟಿ ಒಂದರೊಡನೊಂದು ಕೂಡಿ, ಮೆಟ್ಟಿಲಿಗೆ ಸಮಾನಾಂತರವಾದ ಒಂದು ಅಲೆಯಾಗಿ ನೇರವಾಗಿ ಮುಂದೆ ಸಾಗುತ್ತವೆ. ಹಾಗಲ್ಲದೆ ಎಡತುದಿಯ ಹುಡುಗನು ಮೊದಲು, ಅವನ ಪಕ್ಕದವನು ತುಸು ತಡೆದು, ಅವನ ಪಕ್ಕದವನು ಇನ್ನೂ ತುಸು ತಡೆದು ಕಲ್ಲು ಬಿಡುತ್ತ ಹೋದರೆ? ಎಡಗಡೆಯ ಉಂಗುರ ಆ ವೇಳೆಗೆ ದೊಡ್ಡದಾಗಿರುತ್ತದೆ, ಬಲಗಡೆಯದು ಚಿಕ್ಕದಾಗಿರುತ್ತದೆ; ಕೂಡಿದ ಅಲೆ ಬಲಕ್ಕೆ ಓರೆಯಾಗಿ ಹೊರಡುತ್ತದೆ. ಇನ್ನು ಎರಡು ತುದಿಗಳವರೂ ಮೊದಲು ಬಿಟ್ಟು ನಡುವಿನವರು ಕೊನೆಗೆ ಬಿಟ್ಟರೆ ಅಲೆಗಳೆಲ್ಲ ಒಂದು ಬಿಂದುವಿಗೆ ಬಂದು ಸೇರುತ್ತವೆ. ಹುಡುಗರಾರೂ ಕುಳಿತ ಸ್ಥಳದಿಂದ ಅಲುಗಲಿಲ್ಲ. ಸರದಿಯನ್ನು ಬದಲಿಸಿದುದರಿಂದ ಮಾತ್ರವೇ ಅಲೆ ತಿರುಗಿತು, ಕೇಂದ್ರೀಕೃತವಾಯಿತು.

ಎಷ್ಟು ತಡೆಯಬೇಕು? ಲೆಕ್ಕ ಸುಲಭ. ಸಾಲನ್ನು ನೇರವಾಗಿ ಉಕ್ಕಿನ ಮೇಲೆ ಇಟ್ಟಿದ್ದೇವೆ, ಪಟ್ಟಿಗಳ ನಡುವಣ ಅಂತರ 0.5 ಮಿಲಿಮೀಟರು, ಧ್ವನಿಯನ್ನು 30 ಡಿಗ್ರಿ ಓರೆಯಾಗಿಸಬೇಕು ಎಂದಿಟ್ಟುಕೊಳ್ಳೋಣ. 30 ಡಿಗ್ರಿಯ ಸೈನು ಅರ್ಧ. ಆದುದರಿಂದ ಪಕ್ಕದ ಪಟ್ಟಿಯ ಅಲೆಗಿಂತ ಒಂದರ ಅಲೆ 0.25 ಮಿಲಿಮೀಟರು ಮುಂದಿರಬೇಕು. ಅಷ್ಟು ದೂರ ಹೋಗಲು ಉಕ್ಕಿನಲ್ಲಿ ಧ್ವನಿಗೆ ಹಿಡಿಯುವ ಕಾಲ ಸೆಕೆಂಡಿನ ನೂರು ಕೋಟಿಯಲ್ಲಿ 42 ಭಾಗ. ಇಷ್ಟು ಸೂಕ್ಷ್ಮವಾದ ಕಾಲವನ್ನು ಹದಿನಾರು ತಂತಿಗಳಲ್ಲಿ ತಪ್ಪದೆ ನಿಭಾಯಿಸಬೇಕಾದುದರಿಂದಲೇ, ಕಲ್ಪನೆ ಹಳೆಯದಾದರೂ, ಕೈಯಲ್ಲಿ ಹಿಡಿದೊಯ್ಯಬಹುದಾದ ಉಪಕರಣಗಳು ಕಾರ್ಖಾನೆಗಳಿಗೆ ಬರಲು ಗಣಕಯಂತ್ರದ ಯುಗವೇ ಬರಬೇಕಾಯಿತು. ಬೆಸುಗೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಾಲಿನಡಿ ಪ್ಲಾಸ್ಟಿಕ್ಕಿನ ಒಂದು ಓರೆಗಟ್ಟಿಯನ್ನಿಟ್ಟು, ಸೆಕೆಂಡಿಗೆ ಸುಮಾರು 3,200 ಮೀಟರು ವೇಗದ ಅಡ್ಡತರಂಗಗಳನ್ನು ಬಳಸುತ್ತಾರೆ. ಲೆಕ್ಕ ತುಸು ಜಟಿಲವಾಗುತ್ತದೆ, ತತ್ತ್ವ ಒಂದೇ.

ಕಲ್ಪನೆ ಹಳೆಯದು ಎಂದೆವಷ್ಟೆ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1905ರಲ್ಲಿಯೇ ಮೂರು ರೇಡಿಯೊ ಆಂಟೆನಾಗಳಿಗೆ ಸರದಿ ಕಟ್ಟಿ ಅಲೆಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ ತೋರಿಸಿದ್ದನು. ಮುಂದೆ ಅದು ರಾಡಾರಿಗೆ ಬಂದಿತು. ಬೆಂಗಳೂರಿನ ರಕ್ಷಣಾ ಸಂಶೋಧನಾಲಯದಲ್ಲಿ ರೂಪುಗೊಂಡ ‘ರಾಜೇಂದ್ರ’ ರಾಡಾರು ಇದೇ ತತ್ತ್ವದ್ದು. 1968ರಲ್ಲಿ ಹಾಲೆಂಡಿನ ಸೋಮರ್ ಇದನ್ನು ವೈದ್ಯಕ್ಕೆ ತಂದನು. ಗರ್ಭದಲ್ಲಿನ ಶಿಶುವಿನ ಸ್ಕ್ಯಾನಿಂಗ್ ಚಿತ್ರ ಬೀಸಣಿಗೆಯ ಆಕಾರದಲ್ಲಿರುವುದನ್ನು ನೀವು ಕಂಡಿರಬಹುದು. ಬೆಸುಗೆಯ ಚಿತ್ರವೂ ಹಾಗೆಯೇ. 40ರಿಂದ 70 ಡಿಗ್ರಿಯವರೆಗೆ ಒಂದೊಂದೇ ಡಿಗ್ರಿ ತಿರುಗುತ್ತ ಮಿಡಿತಗಳು ಹೋಗುತ್ತವೆ. ಮರಳಿದ ಪ್ರತಿಧ್ವನಿಗಳು ಬಣ್ಣಬಣ್ಣದ ಬೀಸಣಿಗೆಯಾಗಿ ತೆರೆಯ ಮೇಲೆ ಮೂಡುತ್ತವೆ. ಶೋಧಕವನ್ನು ಬೆಸುಗೆಗೆ ಸಮಾನಾಂತರವಾಗಿ ಒಂದು ಸಲ ಎಳೆದುಕೊಂಡು ಹೋದರೆ ಸಾಕು. ಅದಕ್ಕೆ ಕಟ್ಟಿದ ಗಾಲಿಯು ದೂರವನ್ನು ಅಳೆಯುತ್ತ, ಯಾವ ಮಿಲಿಮೀಟರಿನಲ್ಲಿ ಏನು ಕಂಡಿತೆಂಬುದನ್ನೆಲ್ಲ ದಾಖಲೆಮಾಡಿಡುತ್ತದೆ. ಹಳೆಯ ಪದ್ಧತಿಯಲ್ಲಿ ಪರೀಕ್ಷಕನ ಮಾತನ್ನು ನಂಬಬೇಕಾಗಿತ್ತು. ಈಗ ದಾಖಲೆಯನ್ನು ಮತ್ತೊಬ್ಬರೂ ತೆರೆದು ನೋಡಬಹುದು. ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿ ಬಿರುಕು ಬೆಳೆದಿದೆಯೆ ಎಂದು ಹೋಲಿಸಬಹುದು. ವೇಗಕ್ಕಿಂತಲೂ ಇದೇ ಹೆಚ್ಚಿನ ಲಾಭವೆಂದು ನಮ್ಮ ಅಭಿಪ್ರಾಯ.

ಆದರೆ ಬಣ್ಣದ ಚಿತ್ರವನ್ನು ಕಂಡು ಮರುಳಾಗಬಾರದು. ಅದು ಬಿರುಕಿನ ಭಾವಚಿತ್ರವಲ್ಲ, ಪ್ರತಿಧ್ವನಿಗಳ ನಕ್ಷೆ. ಬೆಸುಗೆಯ ಬುಡದಲ್ಲಿ ಉಬ್ಬಿರುವ ನಿರ್ದೋಷವಾದ ಲೋಹವೂ ಪ್ರತಿಧ್ವನಿ ಕೊಡುತ್ತದೆ. ಅದು ಉಬ್ಬೋ ಬಿರುಕೋ ಎಂದು ನಿರ್ಣಯಿಸಬೇಕಾದವನು ತರಬೇತಾದ ಮನುಷ್ಯ. ಗೊತ್ತಾದ ಆಳದಲ್ಲಿ ಗೊತ್ತಾದ ಅಳತೆಯ ರಂಧ್ರ ಕೊರೆದ ಉಕ್ಕಿನ ತುಂಡಿನ ಮೇಲೆ ಉಪಕರಣವನ್ನು ಮೊದಲು ಹೊಂದಿಸಿಕೊಳ್ಳದಿದ್ದರೆ ಅದು ಹೇಳುವ ಅಂಕಿಗಳಿಗೆ ಬೆಲೆಯಿಲ್ಲ. ತುಕ್ಕು ಹಿಡಿಯದ ಉಕ್ಕಿನ ಕೆಲವು ಬೆಸುಗೆಗಳಲ್ಲಿ ಲೋಹದ ಹರಳುಗಳು ದಪ್ಪವಾಗಿದ್ದು, ಧ್ವನಿಯನ್ನು ಚೆದರಿಸಿ ದಾರಿತಪ್ಪಿಸುತ್ತವೆ.

ಇದೆಲ್ಲಕ್ಕಿಂತ ಮಿಗಿಲಾಗಿ, ಉಪಕರಣವನ್ನು ಎಲ್ಲಿಡಬೇಕೆಂಬುದನ್ನು ಉಪಕರಣವು ಹೇಳಲಾರದು. 1980ನೆಯ ಇಸವಿ ಮಾರ್ಚ್ 27ರ ಸಂಜೆ ಉತ್ತರ ಸಮುದ್ರದ ನಾರ್ವೆಯ ಭಾಗದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವ ವೇದಿಕೆ ಬುಡಮೇಲಾಯಿತು. ತೈಲಬಾವಿಗಳ ಕೆಲಸಗಾರರು ಅದರಲ್ಲಿ ವಾಸಿಸುತ್ತಿದ್ದರು. ಇದ್ದ 212 ಜನರಲ್ಲಿ 123 ಜನರು ಸತ್ತರು. ವೇದಿಕೆಗೆ ಐದು ಕಾಲುಗಳು. ಅವನ್ನು ದಪ್ಪ ಉಕ್ಕಿನ ಕೊಳವೆಗಳು ಬಿಗಿದು ಹಿಡಿದಿದ್ದವು. ಅವುಗಳಲ್ಲೊಂದು ಕೊಳವೆಗೆ, ನೀರಿನೊಳಗಿನ ಧ್ವನಿಯನ್ನು ಆಲಿಸುವ ಹೈಡ್ರೋಫೋನ್ ಎಂಬ ಉಪಕರಣದ ಹಿಡಿಕೆಯನ್ನು ಕೇವಲ 6 ಮಿಲಿಮೀಟರಿನ ಮೂಲೆಬೆಸುಗೆಯಿಂದ ಕೂಡಿಸಿದ್ದರು. ಅದು ಭಾರ ಹೊರುವ ಬೆಸುಗೆಯಲ್ಲವೆಂದು ಯಾರೂ ಅದಕ್ಕೆ ಮಹತ್ತ್ವ ಕೊಟ್ಟಿರಲಿಲ್ಲ. ಇಷ್ಟು ಸಣ್ಣ ಬೆಸುಗೆಗೆ ಶ್ರವಣಾತೀತ ಧ್ವನಿಯೂ ಬೇಡ. ಕಾಂತದ ಪುಡಿಯನ್ನು ಉದುರಿಸಿ ನೋಡುವ ಸರಳ ಪರೀಕ್ಷೆಯೇ ಸಾಕು. ಅಲ್ಲಿ ಹೊರಟ ಬಿರುಕು ಅಲೆಯ ಪೆಟ್ಟಿಗೊಂದಿಷ್ಟು ಬೆಳೆಯುತ್ತ ಕೊಳವೆಯನ್ನೇ ಸುತ್ತಿಬಂದು ಅದನ್ನು ಮುರಿಯಿತು. ಆ ಕಾಲಿನ ಉಳಿದ ಕೊಳವೆಗಳು ಒಂದರ ಹಿಂದೊಂದು ಮುರಿದು ಕಾಲು ಕಳಚಿಕೊಂಡಿತು. ಮುರಿದ ಭಾಗವನ್ನು ಆಮೇಲೆ ಪರೀಕ್ಷಿಸಿದವರಿಗೆ ಆ ಸಣ್ಣ ಬೆಸುಗೆಯ ಬಿರುಕಿನೊಳಗೆ ಬಣ್ಣದ ಕುರುಹುಗಳು ದೊರೆತವು. ಎಂದರೆ, ಹಡಗುಕಟ್ಟೆಯಲ್ಲಿ ವೇದಿಕೆಗೆ ಬಣ್ಣ ಬಳಿದ ದಿನವೇ ಬಿರುಕು ಅಲ್ಲಿತ್ತು.