ಹಳೆಯ ಮೀಟರು ಮತ್ತು ಪಾಠ ಪರಿಷ್ಕರಣ: ಅಳತೆಯ ಉಪಕರಣಗಳ ದುರಸ್ತಿ ಕುರಿತು

ಧ್ವನಿ ಕೇಳ್ತಿದೆ ಅಂದ್ಕೊಳ್ತೀನಿ. ವಯನಾಡಿನ ಮಳೆಗೆ ನೆಟ್‌ವರ್ಕ್ ಹೋದರೆ ಎರಡು ನಿಮಿಷ ಕಾಯಿರಿ, ಮತ್ತೆ ಸೇರಿಕೊಳ್ತೇನೆ.

ಸಾಹಿತ್ಯದ ವಿದ್ಯಾರ್ಥಿಗೆ ಆಸಿಲೋಸ್ಕೋಪು, ಮಲ್ಟಿಮೀಟರುಗಳ ಗೊಡವೆ ಯಾಕೆ ಅಂತ ಕೆಲವರು ಕೇಳಿದರು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದ ನಮಗೆ ಈ ಪ್ರಶ್ನೆ ಹೊಸದಲ್ಲ: ಕೆಟ್ಟದ್ದನ್ನು ಸರಿಪಡಿಸುವಾಗ ಎಷ್ಟನ್ನು ಬದಲಿಸಬಹುದು, ಬದಲಿಸಿದ್ದನ್ನು ಓದುಗನಿಗೆ ಹೇಗೆ ತಿಳಿಸಬೇಕು?

ಆವೋಮೀಟರನ್ನೇ ತಗೊಳ್ಳೋಣ. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಈ ಮೀಟರು 1923ರಲ್ಲಿ ಬಂತು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆ ಅಳೆಯುತ್ತಿದ್ದುದರಿಂದ ಆ ಹೆಸರು. ಇದರ ಮಾಡೆಲ್ 8 ಅಂತೂ 1951ರಿಂದ 2008ರ ತನಕ ತಯಾರಾಯ್ತು. ವೋಲ್ಟ್, ಆಂಪಿಯರ್ ಅಳೆಯಲು ಇದಕ್ಕೆ ಬ್ಯಾಟರಿಯೇ ಬೇಡ. ಅಳೆಯುವ ಸರ್ಕಿಟ್ಟಿನ ಕರೆಂಟೇ ಮುಳ್ಳನ್ನು ತಳ್ಳುತ್ತದೆ. ಓಮ್ ಅಳೆಯುವಾಗ ಮಾತ್ರ ಬ್ಯಾಟರಿ ಬೇಕು. ಅದರಲ್ಲಿ 15 ವೋಲ್ಟಿನದೊಂದು ಈಗ ಅಂಗಡಿಗಳಲ್ಲಿ ಸಿಗೋದು ಕಷ್ಟ. ಹಾಗಾಗಿ ದೊಡ್ಡ ಓಮ್ ರೇಂಜ್ ಕೆಲಸ ಮಾಡದ ಮೀಟರನ್ನು ‘ಸತ್ತಿದೆ’ ಅಂತ ಗುಜರಿಗೆ ಹಾಕಿಬಿಡ್ತಾರೆ. ಒಂದು ಗರಿ ಮುರಿದಿದೆ ಅಂತ ಇಡೀ ಓಲೆಕಟ್ಟನ್ನು ಎಸೆದ ಹಾಗೆ.

ನಮ್ಮ ಕಡೆ ನಿಜವಾದ ಶತ್ರು ಶೀತ. ಮಳೆಗಾಲ ಮುಗಿಯುವಷ್ಟರಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟುಗಳು ಕಪ್ಪಾಗುತ್ತವೆ, ಸೋರಿದ ಬ್ಯಾಟರಿಯ ಹಸಿರು ಕಿಲುಬು ತಂತಿಗಳಿಗೆ ಹತ್ತುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕೇ ಹೊರತು ಉಪ್ಪುಕಾಗದ ಹಾಕಿ ಉಜ್ಜಬಾರದು. ಉಜ್ಜಿದರೆ ಮೇಲಿನ ಲೇಪವೇ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಕೆಡುತ್ತದೆ.

ಆಸಿಲೋಸ್ಕೋಪಿನಲ್ಲಿ ಸಾಮಾನ್ಯವಾಗಿ ಮೊದಲು ಕೈ ಕೊಡೋದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಪಕ್ಕದ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯಲ್ಲಿ ಕೆಲ್ಟ್ರಾನ್ ಇವನ್ನು ದಶಕಗಳಿಂದ ತಯಾರಿಸ್ತಿದೆ. ಒಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ. ಬಳಸದೆ ಇಟ್ಟರೆ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವೂ ದುರ್ಬಲವಾಗುತ್ತದೆ. ಅದಕ್ಕೇ ಅಟ್ಟದಿಂದ ಇಳಿಸಿದ ಸ್ಕೋಪನ್ನು ನೇರ ಪ್ಲಗ್ಗಿಗೆ ಹಾಕಬಾರದು. ರಿಪೇರಿಯವರು ಸೀರೀಸ್ ಬಲ್ಬ್ ಹಾಕಿ ನೋಡ್ತಾರೆ: ಬಲ್ಬು ಝಗ್ ಅಂತ ಹೊತ್ತಿ ಮಂಕಾದರೆ ಮುಂದುವರಿಯಬಹುದು, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. (ಇದಕ್ಕೆ ಎಲ್‌ಇಡಿ ನಡೆಯೋದಿಲ್ಲ, ತಂತಿಯ ಹಳೇ ಬಲ್ಬೇ ಆಗಬೇಕು.) ಚಿತ್ರನಳಿಕೆಗೆ ಹೋಗುವುದು ಸಾವಿರ ವೋಲ್ಟಿಗೂ ಮೇಲೆ, ಪ್ಲಗ್ ಕಿತ್ತ ಮೇಲೂ ಆ ಚಾರ್ಜು ಉಳಿದಿರುತ್ತದೆ. ಕಲಿತವರು ಪಕ್ಕದಲ್ಲಿಲ್ಲದೆ ಮುಚ್ಚಳ ತೆಗೆಯಬೇಡಿ.

ಈಗ ವಿವಾದದ ಮಾತು. ಕೆಲವು ಸಂಗ್ರಹಕಾರರು ಹಳೇ ಕೆಪಾಸಿಟರಿನ ಡಬ್ಬಿ ಬಗೆದು ಒಳಗೆ ಹೊಸದನ್ನು ಕೂರಿಸಿ ಮುಚ್ಚುತ್ತಾರೆ. ನೋಡೋಕೆ ಎಲ್ಲ ಮೂಲದಂತೆಯೇ ಇರುತ್ತೆ. ನನಗೆ ಇದು ಒಪ್ಪಿಗೆಯಿಲ್ಲ. ತಿದ್ದಿದ ಪಾಠವನ್ನು ಅಡಿಟಿಪ್ಪಣಿಯಿಲ್ಲದೆ ಅಚ್ಚು ಹಾಕಿದರೆ ಸಂಪಾದಕನನ್ನು ನಾವು ಬಿಡ್ತೇವಾ? ಹೊಸ ಭಾಗ ಹೊಸದಾಗಿಯೇ ಕಾಣಲಿ. ತೆಗೆದ ಭಾಗ ಪೊಟ್ಟಣದಲ್ಲಿ ಒಳಗೇ ಇರಲಿ, ಜೊತೆಗೆ ದಿನಾಂಕ ಬರೆದ ಚೀಟಿ.

ಹಳೇ ರೇಡಿಯೊ ಸ್ವಲ್ಪ ಗೊರಗೊರ ಅಂದರೂ ಹಾಡು ಕೇಳಬಹುದು. ಮೀಟರಿಗೆ ಆ ರಿಯಾಯಿತಿ ಇಲ್ಲ. ಮುಳ್ಳು ಚಲಿಸುತ್ತಿದ್ದು ತಪ್ಪು ತೋರಿಸುವ ಮೀಟರು ಕೆಟ್ಟು ನಿಂತದ್ದಕ್ಕಿಂತ ಅಪಾಯ: 230 ವೋಲ್ಟಿನ ತಂತಿಯನ್ನು ಸೊನ್ನೆ ಅಂತ ನಂಬಿ ಮುಟ್ಟುವವರಿದ್ದಾರೆ. ಅದರಿಂದ ದುರಸ್ತಿ ಮುಗಿದ ಮೇಲೆ ನಂಬಬಹುದಾದ ಇನ್ನೊಂದು ಮೀಟರಿನ ಜೊತೆ ಪ್ರತಿ ರೇಂಜನ್ನೂ ಹೋಲಿಸಬೇಕು, ಪಾಠಾಂತರ ಹೋಲಿಸುವಂತೆಯೇ. ಆ ಇನ್ನೊಂದು ಮೀಟರೂ ಎಲ್ಲೋ ಕ್ಯಾಲಿಬ್ರೇಟ್ ಆಗಿರಬೇಕು; ಬೆಂಗಳೂರಿನ ಇಟಿಡಿಸಿಯಂಥ ಕೇಂದ್ರಗಳಲ್ಲಿ ಆ ಕೆಲಸ ಆಗುತ್ತದೆ. ಈ ಸರಪಳಿ ಕೊನೆಗೆ ಹೋಗಿ ಸೇರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕಾಪಾಡುವ ಅಳತೆಗಳಿಗೆ. ಹೋಲಿಸಿದಾಗ ಬಂದ ವ್ಯತ್ಯಾಸವನ್ನೂ ಅದೇ ಚೀಟಿಯಲ್ಲಿ ಬರೆದಿಡಬೇಕು, ರೇಂಜಿಗೊಂದು ಸಾಲಿನಂತೆ.