ರೇಜರು, ನೀರು ಮತ್ತು ಮುಖದ ಉರಿ

ದಿನವೂ ಮುಂಜಾನೆ ಕನ್ನಡಿಯ ಮುಂದೆ ನಿಂತು ಗಡ್ಡವನ್ನು ಹೆರೆದುಕೊಳ್ಳುವ ಅಸಂಖ್ಯ ಜನರಲ್ಲಿ, ಆ ಐದಾರು ನಿಮಿಷಗಳಲ್ಲಿ ತಾವು ಭೌತಶಾಸ್ತ್ರದ ಒಂದು ಪ್ರಯೋಗವನ್ನು ನಡೆಸುತ್ತಿರುವೆವೆಂದು ಭಾವಿಸುವವರು ವಿರಳ. ಪ್ರಯೋಗವು ಸಫಲವಾದರೆ ಮುಖವು ನುಣುಪಾಗುತ್ತದೆ. ವಿಫಲವಾದರೆ ಕೆನ್ನೆ ಉರಿಯುತ್ತದೆ, ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳೇಳುತ್ತವೆ. ಆಗ ನಾವು ದೂರುವುದು ಬ್ಲೇಡನ್ನು. ಆದರೆ ತಪ್ಪು ನಿಜವಾಗಿಯೂ ಬ್ಲೇಡಿನದೇ?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನ ಮನೆ ಹಾವೇರಿಯಲ್ಲಿ. ಉದ್ಯೋಗ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ. ಅಜ್ಜನ ಪೆಟ್ಟಿಗೆಯಲ್ಲಿ ದೊರೆತ ಹಳೆಯ ಸೇಫ್ಟಿ ರೇಜರೊಂದನ್ನು ಅವನು ಅಭಿಮಾನದಿಂದ ಬಳಸತೊಡಗಿದ್ದನು. ಎರಡು ತಿಂಗಳಲ್ಲಿ ಅವನ ಗಲ್ಲವೆಲ್ಲ ಕೆಂಪಾಗಿ, ಕೆಲವೆಡೆ ಕೀವು ಸಹ ಕಾಣಿಸಿಕೊಂಡಿತು. ಮಧ್ಯಾಹ್ನದ ವೇಳೆಗೆ ಮುಖಕ್ಕೆ ಕೆಂಡ ಸವರಿದಂತಾಗುತ್ತದೆಂದು ಅವನು ಹೇಳಿದನು. ಸೋಜಿಗದ ಸಂಗತಿಯೆಂದರೆ, ಒಂದು ರಜೆಯಲ್ಲಿ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ನಾಲ್ಕು ದಿನ ತಂಗಿದ್ದಾಗ, ಅದೇ ರೇಜರು, ಅದೇ ಸಾಬೂನು ಬಳಸಿದರೂ ಉರಿ ಅರ್ಧಕ್ಕರ್ಧ ಇಳಿಯಿತು. ಈ ಮೂರು ಊರುಗಳೂ ಒಂದೇ ರೈಲು ಮಾರ್ಗದಲ್ಲಿವೆ. ಹವೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಹಾಗಾದರೆ ಬದಲಾದುದು ಯಾವುದು? ಇದನ್ನು ತಿಳಿಯಬೇಕಾದರೆ ಮೊದಲು ರೇಜರಿನ ಕೆಲಸವನ್ನು ತಿಳಿಯಬೇಕು.

ರೇಜರಿನ ರಕ್ಷಣೆ ಎಷ್ಟರದು?

ತೆಳುವಾದ ಬ್ಲೇಡನ್ನು ಬಳಸಿ ಎಸೆಯುವ ಕಲ್ಪನೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವನದು. ತೆಳು ಉಕ್ಕಿನ ಹಾಳೆಯನ್ನು ಹದಗೊಳಿಸಿ ಮಸೆಯುವ ಯಂತ್ರಗಳನ್ನು ರಚಿಸಿ ಆ ಕಲ್ಪನೆಯನ್ನು ಸಾಧ್ಯಗೊಳಿಸಿದವನು ವಿಲಿಯಂ ನಿಕರ್ಸನ್. ೧೯೦೩ರಲ್ಲಿ, ಮಾರಾಟದ ಮೊದಲ ವರ್ಷ, ಹೋದ ರೇಜರುಗಳು ೫೧, ಬ್ಲೇಡುಗಳು ೧೬೮ ಮಾತ್ರ! ಮರುವರ್ಷವೇ ರೇಜರುಗಳ ಸಂಖ್ಯೆ ತೊಂಬತ್ತು ಸಾವಿರವನ್ನು ದಾಟಿತು. ಜಿಲೆಟನಿಗೆ ೧೯೦೪ರಲ್ಲಿ ಪೇಟೆಂಟು ದೊರೆಯಿತು.

ಈ ರೇಜರಿನಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ದಪ್ಪವಿರುವ ಬ್ಲೇಡು ಮೇಲಿನ ಮುಚ್ಚಳಕ್ಕೂ ಕೆಳಗಿನ ಕಂಬಿಗೂ ನಡುವೆ ಬಾಗಿ ಕುಳಿತಿರುತ್ತದೆ. ಅಲಗಿನ ಕೂದಲೆಳೆಯಷ್ಟು ಭಾಗ ಮಾತ್ರ ಹೊರಗೆ ಕಾಣುತ್ತದೆ. ಆದುದರಿಂದ ಆಳವಾದ ಗಾಯವಾಗುವುದಿಲ್ಲ. ‘ಸೇಫ್ಟಿ’ ಎಂಬ ಹೆಸರಿನ ಅರ್ಥ ಇಷ್ಟೇ. ಆದರೆ ಉರಿ ಹುಟ್ಟುವುದು ಆಳದಲ್ಲಲ್ಲ. ಚರ್ಮದ ಅತ್ಯಂತ ಹೊರಗಿನ ರಕ್ಷಕ ಪೊರೆಯು ಮುಖದ ಮೇಲೆ ಮಿಲಿಮೀಟರಿನ ನೂರರಲ್ಲೊಂದೆರಡು ಭಾಗದಷ್ಟೇ ದಪ್ಪವಾಗಿರುತ್ತದೆ. ಕೂದಲಿನೊಡನೆ ಈ ಪೊರೆಯೂ ಹೆರೆದುಹೋದರೆ ಅದರಡಿಯಲ್ಲಿನ ನರಗಳ ತುದಿಗಳಿಗೆ ಮರೆಯಿಲ್ಲದಂತಾಗುತ್ತದೆ. ರಕ್ತ ಬಾರದ ಗಾಯವೇ ಈ ಉರಿ.

ಕೂದಲು ನೆನೆಯಲಿ

ಗಡ್ಡದ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ಒಣಗಿದಾಗ ಇದರ ಅಣುಸರಪಳಿಗಳನ್ನು ಜಲಜನಕ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ನೀರಿನ ಅಣುಗಳು ಒಳಹೊಕ್ಕರೆ ಈ ಬಂಧಗಳು ಸಡಿಲಗೊಂಡು, ಕೂದಲು ಉಬ್ಬಿ ಮೆದುವಾಗುತ್ತದೆ. ಇದಕ್ಕೆ ಎರಡು ಮೂರು ನಿಮಿಷಗಳಾದರೂ ಬೇಕು. ನೀರು ಬೆಚ್ಚಗಿದ್ದರೆ ಕೆಲಸ ಬೇಗ ಸಾಗುತ್ತದೆ. ಕೂದಲಿನ ಮೇಲಿನ ಜಿಡ್ಡು ನೀರನ್ನು ತಡೆಯುವುದರಿಂದ ಮೊದಲು ಮುಖವನ್ನು ಸಾಬೂನಿನಿಂದ ತೊಳೆಯತಕ್ಕದ್ದು. ನುರಿತ ಕ್ಷೌರಿಕರು ಕತ್ತಿಯನ್ನು ಕೈಗೆತ್ತಿಕೊಳ್ಳುವ ಮೊದಲು ಬಹಳ ಹೊತ್ತು ಬೆರಳುಗಳಿಂದ ನೀರು ಸವರಿ ಗಲ್ಲವನ್ನು ತಿಕ್ಕುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅದು ಕಾಲಹರಣವಲ್ಲ, ಶುದ್ಧ ವಿಜ್ಞಾನ.

ನಮ್ಮಲ್ಲಿ ಕ್ಷೌರವಾದ ಮೇಲೆ ಸ್ನಾನ ಮಾಡುವುದು ರೂಢಿ. ಕೂದಲಿನ ದೃಷ್ಟಿಯಿಂದ ಸ್ನಾನದ ನಂತರ ಕ್ಷೌರವೇ ಲೇಸು. ಆಚಾರವನ್ನು ಬಿಡಲೊಲ್ಲದವರಿಗೂ ಉಪಾಯವುಂಟು: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂರು ನಿಮಿಷ ಮುಖಕ್ಕೆ ಹಿಡಿದು, ಬಳಿಕ ಕ್ಷೌರ ಮಾಡಿಕೊಂಡು, ಅನಂತರ ಸ್ನಾನಕ್ಕೆ ಹೋಗಬಹುದು.

ಕೂದಲು ಉಕ್ಕನ್ನು ಗೆದ್ದ ಕಥೆ

ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಡಸು. ಆದರೂ ಕೆಲವೇ ದಿನಗಳಲ್ಲಿ ಅಲಗು ಮೊಂಡಾಗುತ್ತದೆ. ಏಕೆ? ೨೦೨೦ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ ಕೂದಲನ್ನು ಕತ್ತರಿಸಿ ಇದಕ್ಕೆ ಉತ್ತರ ಕಂಡುಕೊಂಡರು. ಕೂದಲು ಅಲಗಿಗೆ ನೆಟ್ಟಗೆ ನಿಂತಿದ್ದರೆ ಹಾನಿಯಿಲ್ಲ. ಅದು ಬಾಗಿ ಓರೆಯಾದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ತಾಣದಲ್ಲಿ ಒತ್ತಡವು ಕೇಂದ್ರೀಕೃತವಾಗಿ ಅಲಗಿನ ಚೂರೊಂದು ಸಿಡಿಯುತ್ತದೆ. ಅಂದರೆ ಅಲಗು ಕೇವಲ ಸವೆಯುವುದಿಲ್ಲ, ಚಕ್ಕೆಯೇಳುತ್ತದೆ. ಚಕ್ಕೆಯೆದ್ದ ಅಂಚು ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ, ಚರ್ಮವನ್ನು ಗೀರುತ್ತದೆ. ನನ್ನ ವಿದ್ಯಾರ್ಥಿಯು ಮಿತವ್ಯಯದ ಹೆಸರಿನಲ್ಲಿ ಒಂದೇ ಬ್ಲೇಡಿನಿಂದ ತಿಂಗಳನ್ನು ಕಳೆಯುತ್ತಿದ್ದನು! ಸಾಮಾನ್ಯವಾಗಿ ನಾಲ್ಕೈದು ಕ್ಷೌರಗಳ ಬಳಿಕ, ಎಳೆತ ಕಂಡುಬಂದರೆ ಅದಕ್ಕೂ ಮೊದಲೇ, ಬ್ಲೇಡನ್ನು ಬದಲಿಸುವುದು ಯುಕ್ತ.

ಇನ್ನು ಕೈಯ ಭಾರ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಫಲವೆಂಬುದು ಶಾಲೆಯ ಪಾಠ. ಹೊಸ ಅಲಗಿನ ತುದಿಯ ಅಗಲ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಆದುದರಿಂದ ಅಲ್ಪ ಬಲದಿಂದಲೇ ಅಪಾರ ಒತ್ತಡ ಹುಟ್ಟುತ್ತದೆ. ತುದಿಯ ಅಗಲ ಹತ್ತು ಪಟ್ಟಾದರೆ ಅಷ್ಟೇ ಒತ್ತಡಕ್ಕೆ ಹತ್ತು ಪಟ್ಟು ಬಲ ಬೇಕು. ಆಗ ನಾವು ನಮಗರಿವಿಲ್ಲದೆಯೇ ರೇಜರನ್ನು ಒತ್ತುತ್ತೇವೆ. ಒತ್ತಿದೊಡನೆ ಮೆದುವಾದ ಚರ್ಮವು ಕಂಬಿಗೂ ಅಲಗಿಗೂ ನಡುವಣ ಸಂದಿನಲ್ಲಿ ಉಬ್ಬಿ ಅಲಗಿಗೆ ಎದುರಾಗುತ್ತದೆ. ಹಳೆಯ ಕಾಲದ ಲೋಹದ ರೇಜರು ತಕ್ಕಷ್ಟು ತೂಕವುಳ್ಳದ್ದು. ಆ ತೂಕವೇ ಕೆಲಸ ಮಾಡಲಿ. ಹಿಡಿಯನ್ನು ಬೆರಳ ತುದಿಗಳಲ್ಲಿ ಹಗುರಾಗಿ ಹಿಡಿದು, ಅಲಗು ಚರ್ಮಕ್ಕೆ ಸುಮಾರು ೩೦ ಡಿಗ್ರಿ ಕೋನದಲ್ಲಿರುವಂತೆ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಸಣ್ಣಸಣ್ಣದಾಗಿ ಎಳೆಯಬೇಕು. ಕುತ್ತಿಗೆಯಲ್ಲಿ ಈ ದಿಕ್ಕು ಕೆನ್ನೆಯ ಮೇಲಿನಂತೆಯೇ ಇರುವುದಿಲ್ಲ; ಬೆರಳಿನಿಂದ ಸವರಿ ತಿಳಿಯಬೇಕು. ಎದುರು ದಿಕ್ಕಿನಲ್ಲಿ ಹೆರೆದರೆ ಕೂದಲು ಚರ್ಮಕ್ಕಿಂತ ಕೆಳಗೆ ತುಂಡಾಗಿ, ಗುಂಗುರು ಕೂದಲಿನವರಲ್ಲಿ ಅದರ ಮೊನೆ ಒಳಮುಖವಾಗಿ ಚುಚ್ಚಿ ಗುಳ್ಳೆಗಳೇಳುತ್ತವೆ.

ಎರಡು ಊರುಗಳ ನೀರು

ಈಗ ನಮ್ಮ ಒಗಟಿಗೆ ಬರೋಣ. ವಿದ್ಯಾರ್ಥಿಯ ಮನೆಯಲ್ಲಿ ಬಳಸುವುದು ಕೊಳವೆ ಬಾವಿಯ ನೀರು. ರಾಣೆಬೆನ್ನೂರಿನ ನಮ್ಮ ನಲ್ಲಿಯಲ್ಲಿ ಬರುವುದು ತುಂಗಭದ್ರೆಯ ನೀರು. ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತ ಅಂತರ್ಜಲವು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಸಾಬೂನು ಇಂತಹ ನೀರಿನಲ್ಲಿ ನೊರೆಯಾಗುವ ಬದಲು ಆ ಲವಣಗಳೊಡನೆ ಕೂಡಿ ಕರಗದ ಬಿಳಿಯ ಗಸಿಯಾಗುತ್ತದೆ. ಕುಡಿಯುವ ನೀರಿನ ಗಡಸುತನವು ಲೀಟರಿಗೆ ೨೦೦ ಮಿಲಿಗ್ರಾಮನ್ನು ಮೀರದಿರಲಿ, ಬೇರೆ ನೀರಿಲ್ಲದಲ್ಲಿ ೬೦೦ರವರೆಗೆ ಸಹಿಸಬಹುದು, ಎಂಬುದು ಭಾರತೀಯ ಮಾನಕ. ಆದರೆ ಕುಡಿಯಲು ಯೋಗ್ಯವಾದ ನೀರೆಲ್ಲ ಕ್ಷೌರಕ್ಕೂ ಯೋಗ್ಯವೆಂದು ತಿಳಿಯಬಾರದು.

ನೊರೆಯು ಬರಿಯ ಶೃಂಗಾರವಲ್ಲ. ಅದು ಕೂದಲ ಸುತ್ತ ನೀರನ್ನು ಹಿಡಿದಿಡುತ್ತದೆ. ಉಕ್ಕಿಗೂ ಚರ್ಮಕ್ಕೂ ನಡುವೆ ಜಾರುವ ಪದರವಾಗಿ ಘರ್ಷಣೆಯನ್ನು ತಗ್ಗಿಸುತ್ತದೆ. ನೊರೆ ಒಡೆದಲ್ಲಿ ಬ್ಲೇಡು ಒಣಚರ್ಮದ ಮೇಲೆ ಓಡುತ್ತದೆ. ಪರಿಹಾರವೂ ಸುಲಭ. ನೀರನ್ನು ಕುದಿಸಿದರೆ ಬೈಕಾರ್ಬೊನೇಟುಗಳಿಂದಾದ ಗಡಸುತನ ಹೋಗುತ್ತದೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆ ಇದರದೇ. ಕುದಿಸಿ, ಆರಿಸಿ, ತಿಳಿಯನ್ನು ಬಸಿದುಕೊಳ್ಳಬೇಕು. ಶೇಖರಿಸಿದ ಮಳೆನೀರು ಇನ್ನೂ ಉತ್ತಮ. ಒಂದು ಕ್ಷೌರಕ್ಕೆ ಒಂದು ತಂಬಿಗೆ ನೀರು ಸಾಕಲ್ಲವೇ?

ಬ್ಯಾಡಗಿಯ ಕೆಂಪು ಧೂಳು

ನೀರಿನಿಂದ ಮುಂಜಾನೆಯ ಉರಿಗೆ ಉತ್ತರ ದೊರೆಯಿತು. ಮಧ್ಯಾಹ್ನದ ಕೆಂಡಕ್ಕೆ ಅಲ್ಲ. ಅದರ ಮೂಲ ಮಾರುಕಟ್ಟೆಯಲ್ಲಿತ್ತು. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಪ್ರಸಿದ್ಧ, ಖಾರದಲ್ಲಿ ಸೌಮ್ಯ. ಆದರೆ ಸೌಮ್ಯವೆಂದರೆ ಖಾರವಿಲ್ಲವೆಂದಲ್ಲ. ಮೇಲಾಗಿ ಅಲ್ಲಿಗೆ ಬೇರೆ ಸೀಮೆಗಳ ಖಾರದ ತಳಿಗಳೂ ಬರುತ್ತವೆ. ಚೀಲ ಸುರಿದಾಗಲೆಲ್ಲ ಏಳುವ ಧೂಳಿನಲ್ಲಿ ಕ್ಯಾಪ್ಸೈಸಿನ್ ಎಂಬ ಪದಾರ್ಥವಿರುತ್ತದೆ. ನಮ್ಮ ನರತುದಿಗಳಲ್ಲಿ ಸುಮಾರು ೪೩ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಶಾಖವನ್ನು ಗುರುತಿಸುವ ಒಂದು ಗ್ರಾಹಕವಿದೆ. ಕ್ಯಾಪ್ಸೈಸಿನ್ ಅದೇ ಗ್ರಾಹಕವನ್ನು ತೆರೆಯುತ್ತದೆ. ಮಿದುಳು ಅದನ್ನು ಬೆಂಕಿಯೆಂದೇ ಓದುತ್ತದೆ. ೧೯೯೭ರಲ್ಲಿ ಇದನ್ನು ಬೆಳಕಿಗೆ ತಂದ ಡೇವಿಡ್ ಜೂಲಿಯಸ್ ಅವರು ೨೦೨೧ರ ವೈದ್ಯಕೀಯ ನೊಬೆಲ್ ಪಾರಿತೋಷಕವನ್ನು ಆರ್ಡೆಮ್ ಪಟಪೌಟಿಯನ್ ಅವರೊಡನೆ ಹಂಚಿಕೊಂಡರು.

ಮುಂಜಾನೆ ಪೊರೆ ಹೆರೆದ ಮುಖವನ್ನು ಹೊತ್ತು ಈ ಧೂಳಿನಲ್ಲಿ ನಿಂತರೆ ಆಗುವುದೇನೆಂದು ವಾಚಕರೇ ಊಹಿಸಬಹುದು. ಅವನು ಮಾಡುತ್ತಿದ್ದ ಚಿಕಿತ್ಸೆ ಬಿಸಿನೀರು! ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಬಿಸಿಯಾದರೋ ಅದೇ ಗ್ರಾಹಕವನ್ನು ಇನ್ನಷ್ಟು ಕೆರಳಿಸುತ್ತದೆ. ಕಣ್ಣಿಗೆ ತಾಕದಂತೆ ಅಡುಗೆಯ ಎಣ್ಣೆಯನ್ನು ಸವರಿ, ಬಟ್ಟೆಯಿಂದ ಒರಸಿ, ಬಳಿಕ ಸಾಬೂನು ಮತ್ತು ತಣ್ಣೀರಿನಿಂದ ತೊಳೆಯುವುದು ಸರಿಯಾದ ಕ್ರಮ. ಇಂತಹ ಉದ್ಯೋಗದವರು ಕ್ಷೌರವನ್ನು ಸಂಜೆಗಿಟ್ಟುಕೊಂಡರೆ ಚರ್ಮಕ್ಕೆ ಒಂದು ರಾತ್ರಿಯ ವಿಶ್ರಾಂತಿಯಾದರೂ ದೊರೆಯುತ್ತದೆ.

ಕೆಲವು ಎಚ್ಚರಿಕೆಗಳು

ಹಳೆಯ ರೇಜರನ್ನು ಬಳಸುವವರು ಅದರ ಕಂಬಿ ಬಾಗಿಲ್ಲವೆಂದೂ, ಬ್ಲೇಡು ಎರಡು ಬದಿಗಳಲ್ಲಿ ಸಮನಾಗಿ ಕಾಣುವುದೆಂದೂ ನೋಡಿಕೊಳ್ಳಬೇಕು. ಸುಣ್ಣದ ಹಕ್ಕಳೆಯನ್ನು ನಿಂಬೆರಸದಿಂದ ತೆಗೆದು ಕೂಡಲೇ ತೊಳೆಯಬಹುದು. ಬಹಳಷ್ಟು ಹಳೆಯ ರೇಜರುಗಳು ನಿಕ್ಕಲ್ ಲೇಪದವು. ಕೆಲವರ ಚರ್ಮಕ್ಕೆ ನಿಕ್ಕಲ್ ಒಗ್ಗುವುದಿಲ್ಲ. ಕ್ಷೌರದ ನಂತರ ತಣ್ಣೀರು ಸಾಕು. ಸಣ್ಣ ಗೀರಿದ್ದರೆ ಪಟಿಕವನ್ನು ಒದ್ದೆ ಮಾಡಿ ಸವರಬಹುದು, ಅದು ರಕ್ತದ ಪ್ರೋಟೀನನ್ನು ಗರಣೆಗಟ್ಟಿಸುತ್ತದೆ. ಬ್ಲೇಡನ್ನು ಮನೆಯವರೊಡನೆಯೂ ಹಂಚಿಕೊಳ್ಳಕೂಡದು. ಹೆಪಟೈಟಿಸ್ ‘ಬಿ’ಯಂತಹ ರೋಗಗಳು ಕಾಣದ ರಕ್ತಬಿಂದುವಿನಿಂದಲೂ ದಾಟಬಲ್ಲವು. ಉರಿಗೆಂದು ಅಂಗಡಿಯಿಂದ ತಾವೇ ಸ್ಟೀರಾಯ್ಡ್ ಮುಲಾಮು ಕೊಂಡು ಹಚ್ಚುವುದು ಅಪಾಯಕರ: ಮೊದಲು ಉಪಶಮನ ಕಂಡರೂ ಕ್ರಮೇಣ ಚರ್ಮವು ತೆಳುವಾಗುತ್ತದೆ. ಕೀವಾದರೆ ಕ್ಷೌರ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ನನ್ನ ವಿದ್ಯಾರ್ಥಿಯೂ ವೈದ್ಯರನ್ನು ಕಂಡು ಎರಡು ವಾರ ಗಡ್ಡ ಬಿಟ್ಟನು. ಬಳಿಕ ಕುದಿಸಿದ ನೀರು, ಹೊಸ ಬ್ಲೇಡು, ಹಗುರಾದ ಕೈ, ಸಂಜೆಯ ವೇಳೆ—ಇವಿಷ್ಟನ್ನು ಪಾಲಿಸಿದನು. ಬಿಸಾಡಲೆಂದು ಕಟ್ಟಿಟ್ಟಿದ್ದ ಅಜ್ಜನ ರೇಜರು ಈಗ ಮತ್ತೆ ಅವನ ಕನ್ನಡಿಯ ಪಕ್ಕದ ಗೂಡನ್ನು ಸೇರಿದೆ.