ಸಿಹಿಯ ಮನೆಯಲ್ಲಿ ಹುಟ್ಟಿದ ಸಿಹಿಯಲ್ಲದ ಮದ್ಯ

ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಪಾನಗೋಷ್ಠಿಯನ್ನು ಪಾಠ ಹೇಳುವ ದಿನ ನನಗೆ ಪ್ರತಿವರ್ಷವೂ ಸಣ್ಣದೊಂದು ಅಳುಕು. ಹನಿ ಮದ್ಯವನ್ನೂ ನಾಲಗೆಗೆ ಸೋಕಿಸದವನು ಕುಡಿತದ ಬಗೆಗಳನ್ನು ಬಣ್ಣಿಸಬೇಕು! ಈ ಸಲ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು, “ಸರ್, ಮಧು ಅಂದ್ರ ಸಿಹಿ ಅಂತೀರಿ. ಡ್ರೈ ವೈನ್ ಅಂತಾರಲ್ರಿ, ಅದಕ್ಕ ಕನ್ನಡದಾಗ ಏನನ್ನಬೇಕು?” ಎಂದು ಕೇಳಿದನು. ನಾಳೆ ಹೇಳುವೆನೆಂದು ಪಾರಾದೆನು. ಆ ನಾಳೆ ಬರಲು ಮೂರು ವಾರಗಳು ಹಿಡಿದವು.

ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದ ಸೊತೆರ್ನ್ ಎಂಬ ಸೀಮೆ. ಅಲ್ಲಿ ಸಿರೋನ್ ಎಂಬ ತಣ್ಣೀರಿನ ಹೊಳೆ ಗಾರೋನ್ ನದಿಯನ್ನು ಕೂಡುತ್ತದೆ. ಶರತ್ಕಾಲದ ಬೆಳಗುಗಳಲ್ಲಿ ಮಂಜು ಕವಿಯುತ್ತದೆ, ಮಧ್ಯಾಹ್ನಕ್ಕೆ ಬಿಸಿಲು. ಈ ಹವೆಗೆ ದ್ರಾಕ್ಷಿಯ ಮೇಲೆ ಬೊಟ್ರೈಟಿಸ್ ಎಂಬ ಬೂಷ್ಟು ಹತ್ತಿ, ಹಣ್ಣಿನ ನೀರು ಆರಿ, ಸಿಹಿ ಮಡುಗಟ್ಟುತ್ತದೆ. ನಮ್ಮ ವಿಜಯಪುರದ ರೈತನು ದ್ರಾಕ್ಷಿಯನ್ನು ಕಿತ್ತು ನೆರಳಿನಲ್ಲಿ ಒಣಗಿಸಿ ಮಣೂಕ ಮಾಡುತ್ತಾನಷ್ಟೆ; ಅಲ್ಲಿ ಆ ಕೆಲಸವನ್ನು ಬಳ್ಳಿಯ ಮೇಲೆಯೇ ಬೂಷ್ಟು ಮಾಡಿಕೊಡುತ್ತದೆ. ಎಲ್ಲ ಹಣ್ಣಿಗೂ ಒಮ್ಮೆಗೇ ಹತ್ತುವುದಿಲ್ಲವಾದ್ದರಿಂದ ಕೊಯ್ಯುವವರು ಒಂದೇ ತೋಟವನ್ನು ಹಲವು ಸಲ ಸುತ್ತಬೇಕು. ಈ ಸೀಮೆಯ ಶಿಖರವೆಂದರೆ ಶಾತೋ ದಿಕೆಮ್. 1855ರ ಶ್ರೇಣೀಕರಣದಲ್ಲಿ ಅಲ್ಲಿನ ಸಿಹಿಮದ್ಯಗಳ ಪೈಕಿ ಎಲ್ಲಕ್ಕಿಂತ ಮೇಲಿನ ಪದವಿ ಅದೊಂದಕ್ಕೇ ಸಂದಿತು. ಒಂದು ಬಳ್ಳಿಗೆ ಒಂದು ಗ್ಲಾಸು ಎಂಬುದು ಆ ಮನೆಯ ಲೆಕ್ಕ. ಮನಸ್ಸಿಗೆ ಬಾರದ ವರ್ಷ ಅವರು ಆ ಹೆಸರಿನ ಮದ್ಯವನ್ನು ಹೊರಡಿಸುವುದೇ ಇಲ್ಲ. 1992ರಲ್ಲಿ ಹಾಗಾಯಿತು, 2012ರಲ್ಲಿಯೂ ಹಾಗಾಯಿತು.

ಇಂಥ ಮನೆ 1959ರ ಬೆಳೆಯಿಂದ ಸಿಹಿಯಲ್ಲದ ಬಿಳಿಯ ಮದ್ಯವೊಂದನ್ನು ಮಾಡಿತು. ಆಗ ತೋಟದ ಒಡೆಯರು ಲೂರ್-ಸಲೂಸ್ ಮನೆತನದವರು; 1785ರ ಮದುವೆಯೊಂದರಿಂದ ಆಸ್ತಿ ಅವರ ಕೈಸೇರಿತ್ತು. ಬಹುಕಾಲ ಕೆಲವು ವರ್ಷಗಳಲ್ಲಿ ಮಾತ್ರ ಇದನ್ನು ಮಾಡುತ್ತಿದ್ದರು. 2004ರಿಂದ ಪ್ರತಿವರ್ಷವೂ ಉಂಟು. ದ್ರಾಕ್ಷಿಗಳು ಅವೇ, ಸೆಮಿಯೋನ್ ಮತ್ತು ಸೊವಿನ್ಯೋನ್. ಮಣ್ಣೂ ಅದೇ. ಆದರೆ ಸೊತೆರ್ನ್ ಎಂಬ ಹೆಸರು ಕಾನೂನಿನ ಪ್ರಕಾರ ಸಿಹಿಮದ್ಯಕ್ಕೇ ಮೀಸಲು. ಆದುದರಿಂದ ಈ ಕೂಸಿಗೆ ಊರ ಹೆಸರಿಲ್ಲ. ಬೋರ್ಡೋ ಎಂಬ ನಾಡಿನ ಸಾಮಾನ್ಯ ಹೆಸರಿನಲ್ಲಿ ಅದು ಮಾರಾಟವಾಗಬೇಕು. ಮನೆಯವರು ತಮ್ಮ ಹೆಸರಿನ ಮೊದಲಕ್ಷರವನ್ನಷ್ಟೇ ಅದಕ್ಕೆ ಕೊಟ್ಟರು: ‘ಇಗ್ರೆಕ್’, ಅಂದರೆ ಫ್ರೆಂಚರ ಬಾಯಲ್ಲಿ ‘ವೈ’ ಅಕ್ಷರ.

ಧಾರವಾಡದವರಿಗೆ ಇದು ತೀರ ಹೊಸದೆನಿಸಲಾರದು. ನಮ್ಮ ಫೇಡೆಗೂ ಭೌಗೋಳಿಕ ಸೂಚಿಯ ರಕ್ಷೆಯುಂಟು. ಅದೇ ಅಂಗಡಿಯ ಚಕ್ಕುಲಿ ಎಷ್ಟೇ ಗರಿಗರಿಯಾಗಿರಲಿ, ಆ ಹೆಸರಿಗೆ ಬಾಧ್ಯವಾಗದು. ಆದರೆ ಕೌಟಿಲ್ಯನು ದ್ರಾಕ್ಷಾರಸದ ಮದ್ಯಕ್ಕೆ ಹುಟ್ಟಿದ ದೇಶವೇ ಹೆಸರು ಎಂದು ಬಗೆದವನು. ಕಾಪಿಶಾಯನವೆಂದರೆ ಕಾಪಿಶಿಯಲ್ಲಿ ಆದದ್ದು. ಸಿಹಿಯೋ ಅಲ್ಲವೋ ಎಂಬ ತಕರಾರನ್ನು ಅವನು ಅಲ್ಲಿ ತೆಗೆಯಲಿಲ್ಲ. ನನ್ನ ಒಲವು, ನಿಜ ಹೇಳಬೇಕೆಂದರೆ, ಕೌಟಿಲ್ಯನ ಕಡೆಗೆ.

ಇನ್ನು ಹುಡುಗನ ಪ್ರಶ್ನೆ. ‘ಒಣ’ ಎಂದರೆ ದ್ರವಕ್ಕೆ ಹೊಂದದು. ‘ಸಪ್ಪೆ’ ಎಂದರೆ ಬೈಗುಳವಾದೀತು. ‘ಒಗರು’ ಬೇರೆಯೇ ರುಚಿ. ‘ಕಹಿ’ಯಂತೂ ಅಲ್ಲ. ಫೇಡೆಯ ಅಂಗಡಿಯಲ್ಲಿ ಸಿಹಿಗೆ ಎದುರುಪದ ‘ಖಾರ’. ಅದೂ ಇಲ್ಲಿ ಸಲ್ಲದು. ಕಡೆಗೆ ಪದವನ್ನು ಬಿಟ್ಟು ಕ್ರಿಯೆಯನ್ನು ನೋಡಿದೆನು. ಹುದುಗು ದ್ರಾಕ್ಷಿಯ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಸಕ್ಕರೆ ಉಳಿದಿರುವಾಗಲೇ ಅದರ ಕಸುವು ಉಡುಗಿದರೆ ಮದ್ಯ ಸಿಹಿ. ತಿಂದು ಮುಗಿಸಿದರೆ ಡ್ರೈ. ಹಾಗಾದರೆ ‘ಸಿಹಿ ತೀರಿದ ಮದ್ಯ’ ಎನ್ನಬಾರದೇಕೆ?

ಮರುದಿನ ತರಗತಿಯಲ್ಲಿ ಕೊಂಚ ಬಿಗುಮಾನದಿಂದಲೇ ಇದನ್ನು ಹೇಳಿದೆನು. ಹುಡುಗ ತಲೆ ಕೆರೆದುಕೊಂಡು, “ತೀರಿದ ಅಂದ್ರ ಸತ್ತಾಂಗ ಆತಲ್ರಿ ಸರ್?” ಎಂದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, ಪುಟ ತಿರುವಿ, ಮುಂದಿನ ಪದ್ಯವನ್ನು ಓದಲು ತೊಡಗಿದೆನು.